ಥರ್ಮಾಮೀಟರೇ ಇಲ್ಲದ ಕಾಲದ ತಾಪಮಾನ ಹೇಗೆ ಗೊತ್ತಾಯ್ತು?

ಪ್ರಶ್ನೆ: ಸರ್, ವಾಟ್ಸಾಪಲ್ಲಿ ಒಂದು ಗ್ರಾಫ್ ಬಂತು, ಭೂಮಿಯ 48 ಕೋಟಿ ವರ್ಷದ ತಾಪಮಾನ ಅಂತೆ. ಡೈನೋಸಾರ್ ಕಾಲದಲ್ಲಿ ಈಗಿಗಿಂತ ಎಷ್ಟೋ ಬಿಸಿ ಇತ್ತು ಅಂತ ಅದ್ರಲ್ಲಿದೆ. ಆಗ ಅಳೆದವ್ರು ಯಾರು? ನಿಜಾನೇ ಆಗಿದ್ರೆ ಈಗ ಒಂದೂವರೆ ಡಿಗ್ರಿಗೆ ಇಷ್ಟು ಗಾಬರಿ ಯಾಕೆ?
– ಓದುಗರೊಬ್ಬರು, ಹಾವೇರಿ

ಉತ್ತರ: ಗ್ರಾಫ್ ಸುಳ್ಳಲ್ಲ. 2024ರಲ್ಲಿ 'ಸೈನ್ಸ್' ಪತ್ರಿಕೆಲಿ ಇಂಥದ್ದೇ ಒಂದು ಬಂದಿದೆ, 48.5 ಕೋಟಿ ವರ್ಷದ್ದು, ಅದರ ಪ್ರಕಾರ ಭೂಮಿಯ ಸರಾಸರಿ ತಾಪಮಾನ 11 ಡಿಗ್ರಿಯಿಂದ 36 ಡಿಗ್ರಿವರೆಗೂ ಓಡಾಡಿದೆ. ಈಗ ಇರೋದು 15ರ ಆಸುಪಾಸು.

ಅಳತೆಗೆ ಸಿಕ್ಕಿದ್ದು ಚಿಪ್ಪು. ಸಮುದ್ರದಲ್ಲಿ ಫೊರಾಮಿನಿಫೆರಾ ಅಂತ ರವೆ ಕಾಳಿನಷ್ಟಿರೋ ಜೀವಿಗಳಿವೆ, ಅವು ನೀರಿಂದಲೇ ಸುಣ್ಣದ ಚಿಪ್ಪು ಕಟ್ಕೊಳ್ತವೆ, ಸತ್ತ ಮೇಲೆ ಚಿಪ್ಪು ತಳದ ಕೆಸರಲ್ಲಿ ಪದರ ಪದರವಾಗಿ ಕೂರುತ್ತೆ. ಆ ಸುಣ್ಣದಲ್ಲಿರೋ ಆಕ್ಸಿಜನ್‌ನಲ್ಲಿ ಹಗುರದ್ದು 16, ಭಾರದ್ದು 18 ಅಂತ ಬೇರೆ ಬೇರೆ ತೂಕದ ಪರಮಾಣುಗಳಿವೆ. ನೀರು ತಣ್ಣಗಿದ್ದಷ್ಟೂ ಚಿಪ್ಪಿಗೆ 18 ಜಾಸ್ತಿ ಸೇರುತ್ತೆ, 4-5 ಡಿಗ್ರಿ ಇಳಿದ್ರೆ ಸಾವಿರಕ್ಕೆ ಒಂದು ಪಾಲು ವ್ಯತ್ಯಾಸ, ಅಷ್ಟೇ! 1947ರಲ್ಲಿ ರಸಾಯನ ವಿಜ್ಞಾನಿ ಹೆರಾಲ್ಡ್ ಯೂರಿ ಈ ದಾರಿ ತೋರಿಸಿದ್ರು, 1955ರಲ್ಲಿ ಭೂವಿಜ್ಞಾನಿ ಎಮಿಲಿಯಾನಿ ಅದನ್ನ ಸಮುದ್ರ ತಳದ ಕೆಸರಿಗೆ ಹಚ್ಚಿ ಹಿಮಯುಗಗಳ ಏರಿಳಿತ ಬಿಡಿಸಿದ್ರು. ಒಂದು ತೊಡಕಿದೆ. ನೆಲದ ಮೇಲೆ ಹಿಮ ಕಟ್ಟಿದಾಗ ಹಗುರದ 16 ಅದರಲ್ಲೇ ಉಳ್ಕೊಳುತ್ತೆ, ಸಮುದ್ರದಲ್ಲಿ 18ರ ಪಾಲು ತಾನೇ ಏರುತ್ತೆ, ಹಾಗಾಗಿ ಚಿಪ್ಪು ಚಳಿ ಮತ್ತು ಹಿಮ ಎರಡನ್ನೂ ಒಟ್ಟಿಗೇ ಹೇಳ್ತಿರುತ್ತೆ. ಅವನ್ನ ಬೇರೆ ಮಾಡೋಕೆ ಅದೇ ಚಿಪ್ಪಿನ ಮೆಗ್ನೀಷಿಯಂ ನೋಡ್ತಾರೆ, ಅದು ಹೆಚ್ಚುಕಮ್ಮಿ ಆಗೋದು ಹಿಮದಿಂದಲ್ಲ, ನೀರಿನ ಬಿಸಿಯಿಂದ.

ಸಮುದ್ರ ತಳ ಹೆಚ್ಚುಕಮ್ಮಿ 20 ಕೋಟಿ ವರ್ಷಕ್ಕಿಂತ ಹಳೇದು ಉಳಿದಿಲ್ಲ, ಅದಕ್ಕೂ ಹಿಂದಕ್ಕೆ ನೆಲದ ಮೇಲಿನ ಬಂಡೆಗಳೇ ಗತಿ. ಒಡಿಶಾದ ತಾಲ್ಚೇರಲ್ಲಿ ಹಿಮನದಿ ಉಜ್ಜಿ ಗೀರಿದ ಕಲ್ಲುಗುಂಡುಗಳು ಸಿಗ್ತವೆ, ಸುಮಾರು 30 ಕೋಟಿ ವರ್ಷದವು, ಆಗ ನಮ್ಮ ನೆಲ ದಕ್ಷಿಣ ಧ್ರುವದ ಕಡೆ ಇತ್ತು. ಗ್ರಾಫಲ್ಲೂ ಸರಿಯಾಗಿ ಅಲ್ಲೇ ತಗ್ಗಿದೆ ನೋಡಿ.

ಈಗ ಗಾಬರಿ ವಿಷಯ. ಎತ್ತರ ನೋಡೋ ಮೊದ್ಲು ಗ್ರಾಫಿನ ಕೆಳಗಿನ ಗೆರೆ ನೋಡಿ. 48 ಕೋಟಿ ವರ್ಷನ ಒಂದಡಿ ಕಾಗದದಲ್ಲಿ ಬರೆದ್ರೆ ಒಂದು ಮಿಲಿಮೀಟರ್ ಅಂದ್ರೆ 16 ಲಕ್ಷ ವರ್ಷ. ನಮ್ಮ ಮನುಷ್ಯ ಜಾತಿ ಹುಟ್ಟಿ 3 ಲಕ್ಷ ವರ್ಷ, ಅದೇ ಪೆನ್ಸಿಲ್ ಗೆರೆಯಷ್ಟು ಅಗಲ ಬರಲ್ಲ, ಇನ್ನು ಕಾರ್ಖಾನೆ ಶುರುವಾದ ಮೇಲಿನ ಕಾಲ ಕಾಣೋದೇ ಇಲ್ಲ. ಆ ಗ್ರಾಫ್ ತೋರಿಸಿ 'ಮೊದ್ಲೂ ಬಿಸಿ ಇತ್ತಲ್ಲ' ಅನ್ನೋರು ವೇಗನ ಮುಚ್ಚಿಡ್ತಿದ್ದಾರೆ. 5.6 ಕೋಟಿ ವರ್ಷದ ಹಿಂದೆ ಕಾರ್ಬನ್ ಹೆಚ್ಚಾಗಿ 5-6 ಡಿಗ್ರಿ ಏರಿದ್ದಕ್ಕೇ ಕೆಲವು ಸಾವಿರ ವರ್ಷ ಹಿಡಿದಿತ್ತು, ಅದನ್ನೇ ಭಾರಿ ವೇಗ ಅಂತಾರೆ, ಆಗ ಆಳಸಮುದ್ರದ ಎಷ್ಟೋ ಫೊರಾಮಿನಿಫೆರಾ ಜಾತಿಗಳು ಅಳಿದುಹೋದ್ವು.

ಒಂದೂವರೆ ಡಿಗ್ರಿ ಚಿಕ್ಕದಾ? 20 ಸಾವಿರ ವರ್ಷದ ಹಿಂದಿನ ಹಿಮಯುಗಕ್ಕೂ ಕಾರ್ಖಾನೆಗಳಿಗೆ ಮುಂಚಿನ ಕಾಲಕ್ಕೂ ಇದ್ದ ವ್ಯತ್ಯಾಸ ಬರೀ 6 ಡಿಗ್ರಿ, ಅಷ್ಟಕ್ಕೇ ಸಮುದ್ರ ಸುಮಾರು 120 ಮೀಟರ್ ಮೇಲೆ ಬಂತು. ಆ 6 ಡಿಗ್ರಿ ಏರೋಕೆ ಹತ್ತು ಸಾವಿರ ವರ್ಷದಷ್ಟು ಬೇಕಾಯ್ತು, ನಾವು ಬರೀ 150 ವರ್ಷದಲ್ಲಿ ಒಂದು ಡಿಗ್ರಿ ದಾಟಿಸಿದ್ದೀವಿ.