ನಮ್ಮ ಜಾಗ, ಅವರ ಫ್ಲೆಕ್ಸ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮುಖ್ಯರಸ್ತೆಗೆ ತಾಗಿದ ನಮ್ಮ ಖಾಲಿ ಸೈಟಿನಲ್ಲಿ ಪಕ್ಷವೊಂದರವರು ರಾತ್ರೋರಾತ್ರಿ ಕಂಬ ನೆಟ್ಟು ಫ್ಲೆಕ್ಸ್ ಕಟ್ಟಿದ್ದಾರೆ. ಕೇಳಿದರೆ ‘ಚುನಾವಣೆ ಮುಗಿದ ಮೇಲೆ ತೆಗೀತೀವಿ’ ಅನ್ನುತ್ತಾರೆ. ನಾನೇ ಕಿತ್ತುಹಾಕಬಹುದೇ?

ಉತ್ತರ: ನಿಮ್ಮನ್ನು ಕೇಳದೆ ಅಲ್ಲಿ ಒಂದು ಮೊಳೆ ಹೊಡೆಯುವ ಹಕ್ಕೂ ಅವರಿಗಿಲ್ಲ. ಮಾಲೀಕರ ಅನುಮತಿಯಿಲ್ಲದೆ ಯಾರದೇ ಜಮೀನು, ಕಟ್ಟಡ, ಕಾಂಪೌಂಡ್ ಗೋಡೆಯನ್ನು ಬ್ಯಾನರ್, ಬಾವುಟ, ಗೋಡೆಬರಹಕ್ಕೆ ಬಳಸಬಾರದು ಎಂದು ಚುನಾವಣಾ ಆಯೋಗದ ಮಾದರಿ ನೀತಿ ಸಂಹಿತೆಯೇ ಹೇಳುತ್ತದೆ. ಆದರೂ ದಯವಿಟ್ಟು ಕತ್ತಿ ಹಿಡಿದು ಹೋಗಬೇಡಿ. ಫ್ಲೆಕ್ಸ್ ಹರಿದರೆ ಮೊದಲು ಹೋಗುವುದು ನಿಮ್ಮದೇ ಸಾಕ್ಷ್ಯ. ಮೇಲಾಗಿ ‘ನಮ್ಮ ನಾಯಕರ ಚಿತ್ರ ಹರಿದರು’ ಎಂಬ ಪ್ರತಿದೂರು ಬಂದು, ನ್ಯಾಯ ನಿಮ್ಮ ಕಡೆ ಇದ್ದರೂ ಠಾಣೆಗೆ ಅಲೆಯಬೇಕಾಗುತ್ತದೆ.

ಮೊದಲು ಫೋಟೊ ತೆಗೆಯಿರಿ. ರಸ್ತೆ, ಪಕ್ಕದ ಮನೆ, ನಿಮ್ಮ ಬೇಲಿ ಎಲ್ಲ ಕಾಣುವಂತೆ ಒಂದು. ಫ್ಲೆಕ್ಸಿನ ಕೆಳ ಅಂಚಿನದು ಇನ್ನೊಂದು. ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮಿನ ಪ್ರಕಾರ ಚುನಾವಣಾ ಭಿತ್ತಿಪತ್ರದ ಮೇಲೆ ಮುದ್ರಕರ, ಪ್ರಕಾಶಕರ ಹೆಸರು ಮತ್ತು ವಿಳಾಸ ಇರಲೇಬೇಕು. ಇಲ್ಲದಿದ್ದರೆ 6 ತಿಂಗಳವರೆಗೆ ಸಜೆ, 2,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಈ ಸಾಲು ರೀಪರ್ ಪಟ್ಟಿಯ ಹಿಂದಕ್ಕೆ ಮಡಚಿಕೊಂಡಿರಬಹುದು, ಹಿಂಬದಿಯನ್ನೂ ನೋಡಿ.

ನೀತಿ ಸಂಹಿತೆ ಜಾರಿಯಲ್ಲಿದ್ದರೆ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ದೂರು ಕೊಡಿ. ಇಲ್ಲಿ ಹಲವರು ಎಡವುತ್ತಾರೆ: ಗ್ಯಾಲರಿಯಲ್ಲಿರುವ ಹಳೆಯ ಫೋಟೊ ಇದರಲ್ಲಿ ಹೋಗುವುದಿಲ್ಲ. ಸ್ಥಳದಲ್ಲೇ ನಿಂತು ಆ್ಯಪ್ ಮೂಲಕವೇ ಫೋಟೊ ಅಥವಾ 2 ನಿಮಿಷದೊಳಗಿನ ವಿಡಿಯೊ ತೆಗೆದು ಕೂಡಲೇ ಕಳಿಸಬೇಕು. 100 ನಿಮಿಷದೊಳಗೆ ಕ್ರಮ ಆಗಬೇಕೆಂಬುದು ವ್ಯವಸ್ಥೆ. ಹೆಸರು ಹೇಳಿಕೊಳ್ಳಲು ಅಳುಕಿದ್ದರೆ ಹೇಳದೆಯೂ ದೂರು ಕೊಡಬಹುದು. ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡುವ ದಾರಿಯೂ ಇದೆ. ಚುನಾವಣೆ ಘೋಷಣೆಯಾದಾಗಿನಿಂದ 72 ಗಂಟೆಯೊಳಗೆ ಖಾಸಗಿ ಜಾಗದ ಅನಧಿಕೃತ ಪ್ರಚಾರ ಸಾಮಗ್ರಿ ತೆರವಾಗಬೇಕು ಎಂಬ ಸೂಚನೆಯನ್ನು ದೂರಿನಲ್ಲಿ ನೆನಪಿಸಿ.

ಚುನಾವಣೆ ಇಲ್ಲದ ಕಾಲವಾದರೆ ಪಾಲಿಕೆ ಅಥವಾ ಪುರಸಭೆಗೆ ಲಿಖಿತ ದೂರು, ಅದರ ಪ್ರತಿ ಠಾಣೆಗೆ. ಖಾತಾ ಅಥವಾ ಕಂದಾಯ ರಸೀದಿ ಲಗತ್ತಿಸಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಕದಲಬೇಡಿ. ಅತಿಕ್ರಮ ಪ್ರವೇಶಕ್ಕೆ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮನ್ನು ಉಲ್ಲೇಖಿಸಬಹುದು.

ಪ್ರಶ್ನೆ: ನಮ್ಮ ಕಾಂಪೌಂಡ್ ಮೇಲೆ ಬ್ಯಾನರ್ ಹಾಕಲು ಬಾಡಿಗೆ ಕೊಡುತ್ತೇವೆ ಅನ್ನುತ್ತಿದ್ದಾರೆ. ಒಪ್ಪಿಕೊಳ್ಳಬಹುದೇ?

ಉತ್ತರ: ಒಪ್ಪಬಹುದು, ಆದರೆ ಬಾಯಿಮಾತಿನಲ್ಲಿ ಬೇಡ. ಖಾತಾ ಸಂಖ್ಯೆ, ಬ್ಯಾನರಿನ ಅಳತೆ, ಅಭ್ಯರ್ಥಿಯ ಹೆಸರು, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ತೆಗೆಯುವವರು ಯಾರು, ಮೊಳೆ ಹೊಡೆದ ತೂತು ಮುಚ್ಚಿಸುವವರು ಯಾರು, ಇಷ್ಟನ್ನೂ ಬರೆದು ಇಬ್ಬರೂ ಸಹಿ ಮಾಡಿ. ಜಂಟಿ ಖಾತೆಯಾದರೆ ಉಳಿದ ಪಾಲುದಾರರ ಸಹಿಯೂ ಇರಲಿ. ಅಣ್ಣ ಒಪ್ಪಿ ತಮ್ಮ ತಕರಾರು ತೆಗೆದರೆ ಜಗಳ ಮನೆಯೊಳಗೇ ಹೊಕ್ಕುತ್ತದೆ. ಬಾಡಿಗೆ ಮೊತ್ತ ಎಷ್ಟೋ ಅಷ್ಟೇ ನಮೂದಿಸಿ. ಆ ಹಣ ಅಭ್ಯರ್ಥಿಯ ಚುನಾವಣಾ ವೆಚ್ಚಕ್ಕೆ ಸೇರುತ್ತದೆ. ನಿಮ್ಮ ಒಪ್ಪಿಗೆಯ ವಿವರವನ್ನು ಅವರು 3 ದಿನದೊಳಗೆ ಚುನಾವಣಾಧಿಕಾರಿಗೆ ಒಪ್ಪಿಸಬೇಕು. ಕಡಿಮೆ ಬರೆಯಿರಿ ಎಂದು ಒತ್ತಾಯಿಸಿದರೆ ಖಂಡಿತ ಒಪ್ಪಬೇಡಿ.

ನಿಮ್ಮ ಒಪ್ಪಿಗೆಯೊಂದೇ ಸಾಲದು. 1981ರ ಕರ್ನಾಟಕ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಜಾರಿಯಲ್ಲಿರುವ ಊರುಗಳಲ್ಲಿ, ಸಾರ್ವಜನಿಕರಿಗೆ ಕಾಣುವ ಖಾಸಗಿ ಗೋಡೆಯ ಮೇಲಿನ ಜಾಹೀರಾತಿಗೂ ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿ ಬೇಕು. ತಪ್ಪಿದರೆ 6 ತಿಂಗಳವರೆಗೆ ಸಜೆ ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅನುಮತಿ ಪತ್ರದ ಪ್ರತಿ ಕೈಗೆ ಬಂದ ಮೇಲೆಯೇ ಕಟ್ಟಲು ಬಿಡಿ.

ಪ್ರಶ್ನೆ: ನನ್ನ ಮೆಚ್ಚಿನ ಪಕ್ಷದ ಬಾವುಟವನ್ನು ನನ್ನ ಮನೆ ಮೇಲೆ ನಾನೇ ಹಾರಿಸಬಹುದೇ?

ಉತ್ತರ: ಸ್ವಇಚ್ಛೆಯಿಂದ, ಸ್ಥಳೀಯ ಕಾನೂನು ಮೀರದೆ, ನೆರೆಯವರಿಗೆ ತೊಂದರೆಯಾಗದಂತೆ ಹಾರಿಸಬಹುದು. ನಿರ್ದಿಷ್ಟ ಅಭ್ಯರ್ಥಿಗೆ ಮತ ಕೇಳುವ ಬ್ಯಾನರನ್ನು ನಿಮ್ಮ ದುಡ್ಡಿನಲ್ಲಿ ಹಾಕುವುದಾದರೆ ಮಾತ್ರ ಅವರ ಲಿಖಿತ ಒಪ್ಪಿಗೆ ಪಡೆಯಿರಿ. ಇಲ್ಲದಿದ್ದರೆ ನ್ಯಾಯ ಸಂಹಿತೆಯ 176ನೇ ಕಲಮಿನಡಿ 10,000 ರೂಪಾಯಿವರೆಗೆ ದಂಡ ಬೀಳಬಹುದು.