ಹಳೆ ಸ್ವಿಫ್ಟ್ ರಿಮೋಟ್: ಹೊಸದು ತರಿಸೋಕ್ ಮುಂಚೆ ಇದನ್ನ ನೋಡ್ಕೊಳ್ಳಿ

ಅಣ್ಣ, ನಿಮ್ಮ ಪೋಸ್ಟ್ ನೋಡ್ದೆ. 2009ರ ಸ್ವಿಫ್ಟ್ ವಿಎಕ್ಸ್‌ಐ, ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದೀರಿ, ಹಳೆ ಓನರ್ ಕೊಟ್ಟಿದ್ದು ಒಂದೇ ಕೀ ಒಂದೇ ರಿಮೋಟು, ಆ ರಿಮೋಟೂ ಈಗ ಹತ್ತು ಸಲ ಒತ್ತಿದ್ರೆ ಒಂದ್ಸಲ ಕೇಳತ್ತೆ, ಆನ್‌ಲೈನಲ್ಲಿ ನೋಡೋಕೆ ಅದೇ ಥರ ಇರೋದು ಸಿಗ್ತಿದೆ, ತರಿಸ್ಲಾ ಅಂತ ಕೇಳಿದೀರಿ. ಈಗ್ಲೇ ತರಿಸ್ಬೇಡಿ. ಮೇಲೆ ಒಬ್ರು ಇಗ್ನಿಷನ್ ಐದು ಸಲ ಆನ್ ಆಫ್ ಮಾಡಿ, ತಾನೇ ಪ್ರೋಗ್ರಾಂ ಆಗತ್ತೆ ಅಂದಿದಾರೆ, ಅದು ಅವರ ಗಾಡಿಗೆ ಸರಿ ಇರ್ಬೋದು, ನಿಮ್ಮದಕ್ಕೆ ಹೊಂದಲ್ಲ. ಸ್ವಲ್ಪ ಉದ್ದ ಬರೀತೀನಿ, ಬೇಜಾರ್ ಮಾಡ್ಕೋಬೇಡಿ.

ನೀವು ಹಾಕಿರೋ ಫೋಟೋದಲ್ಲಿ ಕೀ ಬೇರೆ, ರಿಮೋಟ್ ಬೇರೆ, ಎರಡೂ ಒಂದೇ ರಿಂಗಲ್ಲಿ ನೇತಾಡ್ತಿವೆ. ಅಂದ್ರೆ ರಿಮೋಟು ಫ್ಯಾಕ್ಟ್ರಿಯಿಂದ ಬಂದಿದ್ದಲ್ಲ, ಶೋರೂಮಲ್ಲೋ ಆಕ್ಸೆಸರಿ ಅಂಗಡೀಲೋ ಆಮೇಲೆ ಹಾಕ್ಸಿದ್ದು. ರಿಮೋಟಿನ ಸಿಗ್ನಲ್ ತಗೊಂಡು ಲಾಕ್ ನಡೆಸೋ ಅದರ ಬಾಕ್ಸ್ ಡ್ಯಾಶ್‌ಬೋರ್ಡ್ ಕೆಳಗೆ ಎಲ್ಲೋ ಕೂತಿರತ್ತೆ, ಆ ಬಾಕ್ಸ್ ಯಾವ ಕಂಪನೀದು ಯಾವ ಮಾಡೆಲ್ಲು ಅನ್ನೋದರ ಮೇಲೆ ಎಲ್ಲಾ ನಿಂತಿದೆ, ಗಾಡಿ ಮಾರುತಿನೋ ಹ್ಯುಂಡೈನೋ ಅನ್ನೋದು ಇಲ್ಲಿ ಲೆಕ್ಕಕ್ಕೇ ಬರಲ್ಲ. ಹಂಗಾಗಿ "2009 ಸ್ವಿಫ್ಟ್ ರಿಮೋಟ್" ಅಂತ ಹುಡುಕಿದ್ರೆ ಸಿಗೋದು ಕಂಪನಿ ರಿಮೋಟ್ ಬಂದಿರೋ ವೇರಿಯಂಟ್‌ದು, ನಿಮಗೆ ಅದು ಬರೀ ಕೀಚೈನ್.

ಇನ್ನೊಂದು, ಲಾಕ್ ತೆಗೆಯೋದು ಬೇರೆ, ಗಾಡಿ ಸ್ಟಾರ್ಟ್ ಆಗೋದು ಬೇರೆ, ಇದನ್ನ ತುಂಬಾ ಜನ ಒಂದೇ ಅನ್ಕೊಂಡಿರ್ತಾರೆ. ಮೀಟರಲ್ಲಿ ಕೀ ಚಿತ್ರದ ಲೈಟ್ ಬರತ್ತೆ ಅಂದ್ರಲ್ಲ, ಅದು ಇಮ್ಮೊಬಿಲೈಸರ್, ಅಂದ್ರೆ ಸರಿಯಾದ ಕೀ ಇಲ್ದೆ ಇಂಜಿನ್ ಸ್ಟಾರ್ಟ್ ಆಗದ ಹಾಗೆ ತಡೆಯೋದು, ಮಾರುತಿ ಸುಝುಕಿಯವರು ಐಕ್ಯಾಟ್ಸ್ ಅಂತ ಕರೀತಾರೆ. ನಿಮ್ಮ ಕೀ ತಲೆಯೊಳಗೆ ಒಂದು ಸಣ್ಣ ಚಿಪ್ ಇರತ್ತೆ, ಅದಕ್ಕೆ ಸೆಲ್ ಬೇಡ, ಇಗ್ನಿಷನ್ ಲಾಕ್ ಸುತ್ತ ಇರೋ ಕಾಯಿಲ್‌ನಿಂದಲೇ ಕರೆಂಟ್ ತಗೊಂಡು ಉತ್ತರ ಕೊಡತ್ತೆ. ರಿಮೋಟ್ ಪೂರ್ತಿ ಸತ್ತೋದ್ರೂ ಕೀಯಿಂದ ಬಾಗ್ಲು ತೆಗೆದು ಗಾಡಿ ಸ್ಟಾರ್ಟ್ ಮಾಡ್ಬೋದು. ಆದ್ರೆ ಒಂದು ವಿಷ್ಯ, ಆಮೇಲೆ ಹಾಕ್ಸಿರೋ ಅಲಾರಂ ಆನ್ ಆಗಿ ಕಾವಲಿಗೆ ನಿಂತಿದ್ದಾಗ ಕೀಯಿಂದ ಬಾಗ್ಲು ತೆಗೆದ್ರೆ ಸೈರನ್ ಬಡ್ಕೊಳತ್ತೆ, ಕೆಲವು ಬಾಕ್ಸ್ ಸ್ಟಾರ್ಟರ್ ವೈರನ್ನೂ ಕಟ್ ಮಾಡಿರತ್ತೆ. ಅಂಥ ಹೊತ್ತಲ್ಲಿ ಅಲಾರಂ ಆಫ್ ಮಾಡೋಕೆ ಅಂತ್ಲೇ ಒಂದು ಸಣ್ಣ ಪುಶ್ ಬಟನ್ ಬಚ್ಚಿಟ್ಟಿರ್ತಾರೆ, ವ್ಯಾಲೆ ಸ್ವಿಚ್ ಅಂತಾರೆ. ಇವತ್ತೇ ಅದನ್ನ ಹುಡುಕಿಟ್ಕೊಳ್ಳಿ, ಸಕಲೇಶಪುರ ಘಾಟಲ್ಲಿ ಮಳೇಲಿ ನಿಂತ್ಕೊಂಡು ಹುಡುಕೋ ಪರಿಸ್ಥಿತಿ ಬೇಡ. ಸ್ಟೇರಿಂಗ್ ಕೆಳಗಿನ ಪ್ಯಾನೆಲ್, ಫ್ಯೂಸ್ ಬಾಕ್ಸ್ ಪಕ್ಕ, ಗ್ಲವ್ ಬಾಕ್ಸ್ ಹಿಂದೆ, ಸಾಮಾನ್ಯವಾಗಿ ಈ ಮೂರರಲ್ಲಿ ಒಂದು ಕಡೆ ಇರತ್ತೆ.

ಈಗ ನಿಮ್ಮ ರಿಮೋಟ್ ಕಥೆ. ಮೊದ್ಲು ಒಂದು ಟೆಸ್ಟ್ ಮಾಡಿ. ಡ್ರೈವರ್ ಬಾಗ್ಲ ಲಾಕನ್ನ ಕೈಯಲ್ಲೇ ಒತ್ತಿ, ಉಳಿದ ಬಾಗ್ಲುಗಳೂ ಜೊತೆಗೆ ಲಾಕ್ ಆಗ್ತವಾ ನೋಡಿ. ಆಗ್ಲಿಲ್ಲ ಅಂದ್ರೆ ತೊಂದ್ರೆ ರಿಮೋಟಲ್ಲಲ್ಲ, ಫ್ಯೂಸೋ ಬಾಗ್ಲೊಳಗಿನ ಲಾಕ್ ಮೋಟರೋ ಇರ್ಬೇಕು, ಇಲ್ಲಾ ಬಾಗ್ಲಿಗೂ ಬಾಡಿಗೂ ನಡುವೆ ಇರೋ ರಬ್ಬರ್ ಬೂಟ್ ಒಳಗೆ ವೈರ್ ಕಟ್ಟಾಗಿರತ್ತೆ, ಡ್ರೈವರ್ ಬಾಗ್ಲು ಜಾಸ್ತಿ ತೆಗೆದು ಹಾಕೋದ್ರಿಂದ ಅಲ್ಲೇ ಮೊದ್ಲು ಕಟ್ಟಾಗೋದು. ಹಾಗೇ ರಿಮೋಟ್ ಒತ್ತಿದಾಗ ಇಂಡಿಕೇಟರ್ ಮಿಣುಕಿ ಸೈರನ್ ಚಿಕ್ ಅಂದು ಬಾಗ್ಲು ಮಾತ್ರ ಲಾಕ್ ಆಗ್ಲಿಲ್ಲ ಅಂದ್ರೂ ರಿಮೋಟ್ ಸರಿ ಇದೆ ಅಂತಲೇ ಅರ್ಥ. ಇಂಥ ಕೇಸಲ್ಲೂ ಹೊಸ ಕಿಟ್ ಮಾರಿಬಿಡೋ ಅಂಗಡಿಯವ್ರು ಇದಾರೆ.

ನೀವು ಹೇಳೋ ಥರ ಅಪರೂಪಕ್ಕೆ ಒಂದ್ಸಲ ಕೇಳತ್ತೆ ಅಂದ್ರೆ ಮುಕ್ಕಾಲು ಪಾಲು ಸೆಲ್ ಇಲ್ಲಾ ಬಟನ್. ಹಿಂದೆ ಇರೋ ಸಣ್ಣ ಸ್ಕ್ರೂ ಬಿಚ್ಚಿ, ಅಂಚಲ್ಲಿ ಉಗುರೋ ಹಳೇ ಎಟಿಎಂ ಕಾರ್ಡೋ ತೂರಿಸಿ ಬಿಡಿಸಿ, ಸ್ಕ್ರೂಡ್ರೈವರ್ ತೂರಿಸಿ ಮೀಟಿದ್ರೆ ಬೋರ್ಡಿಗೆ ಗೀರು ಬೀಳತ್ತೆ. ಒಳಗೆ ಕಾಸಿನ ಆಕಾರದ ಸೆಲ್ ಇದ್ರೆ ಅದು 3 ವೋಲ್ಟಿಂದು, ಸಿಆರ್ 2032, 2016, 1616 ಹೀಗೆ ಯಾವ್ದೋ ಒಂದು ನಂಬರ್ ಮೇಲೇ ಬರೆದಿರತ್ತೆ, ಅದೇ ನಂಬರ್ ಹಾಕಿ, 2032 ಬದ್ಲು 2025 ಹಾಕಿ ಪೇಪರ್ ಮಡಿಸಿ ಸೇರ್ಸೋ ಕೆಲ್ಸ ಬೇಡ. ಬೆರಳುದ್ದ ಇಲ್ಲದ ಗಿಡ್ಡ ಸೆಲ್ ಇದ್ರೆ ಅದು 23ಎ ಇಲ್ಲಾ 27ಎ, 12 ವೋಲ್ಟು, ಹಳೇ ಅಲಾರಂ ರಿಮೋಟಲ್ಲಿ ಇದೇ ಜಾಸ್ತಿ. ಮಲ್ಟಿಮೀಟರಲ್ಲಿ 3 ವೋಲ್ಟ್ ತೋರಿಸ್ತು ಅಂತ ಸೆಲ್ ಸರಿ ಇದೆ ಅನ್ಕೋಬೇಡಿ, ಬಟನ್ ಒತ್ತಿ ಹಿಡಿದು ಅಳೀರಿ, ಒತ್ತಿದ ತಕ್ಷಣ ಧಡ್ ಅಂತ ಇಳಿದ್ರೆ ಮುಗೀತು ಅದರ ಆಯಸ್ಸು. ಸೆಲ್ಲಿಗೆ ನೂರು ರೂಪಾಯಿ ಒಳಗೇ ಆಗತ್ತೆ, ಅನುಮಾನ ಇದ್ರೆ ಬದಲಾಯಿಸೋದೇ ವಾಸಿ. ಸೆಲ್ ಮುಟ್ಟೋ ತಗಡಿನ ಮೇಲೆ ಹಸಿರೋ ಬಿಳಿಯೋ ಪುಡಿ ಕೂತಿದ್ರೆ ಪೆನ್ಸಿಲ್ ರಬ್ಬರಲ್ಲಿ ಉಜ್ಜಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ, ತಗಡನ್ನ ಒಂಚೂರು ಮೇಲಕ್ಕೆ ಬಗ್ಗಿಸಿ.

ಸೆಲ್ ಹೊಸದಾದ್ರೂ ಹಂಗೇ ಇದ್ರೆ ಬಟನ್ ನೋಡಿ. ರಬ್ಬರ್ ಕೆಳಗೆ ಬೋರ್ಡ್ ಮೇಲೆ ಸಣ್ಣ ಮೈಕ್ರೋ ಸ್ವಿಚ್ ಕೂತಿರತ್ತೆ, ಬೋರ್ಡನ್ನ ಕೈಯಲ್ಲಿ ಹಿಡಿದು ನೇರ ಅದನ್ನೇ ಒತ್ತಿ. ಟಿಕ್ ಅನ್ನೋ ಗಟ್ಟಿತನ ಹೋಗಿ ಮೆತ್ತಗಾಗಿದ್ರೆ ಸ್ವಿಚ್ ಹೋಗಿದೆ. ಟಿಕ್ ಅಂದ್ರೂ ರಿಮೋಟಿನ ಸಣ್ಣ ಲೈಟ್ ಬರ್ಲಿಲ್ಲ, ಸ್ವಿಚ್ಚನ್ನ ಪಕ್ಕಕ್ಕೆ ಒತ್ತಿದಾಗ ಮಾತ್ರ ಬರತ್ತೆ ಅಂದ್ರೆ ಕಾಲಿನ ಹತ್ರ ಬೆಸುಗೆ ಬಿಟ್ಟಿದೆ, ಭೂತಗನ್ನಡಿ ಇಟ್ಟು ನೋಡಿದ್ರೆ ಕಾಲಿನ ಸುತ್ತ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ ಕಾಣತ್ತೆ. ಮೊಬೈಲ್ ರಿಪೇರಿ ಹುಡುಗ್ರು ಐದು ನಿಮಿಷದಲ್ಲಿ ಬೆಸುಗೆ ಹಾಕಿಕೊಡ್ತಾರೆ, ಸ್ವಿಚ್ ಬೇಕಂದ್ರೆ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಎಲ್ಲಾ ಸೈಜಲ್ಲೂ ಸಿಗತ್ತೆ, ಹಳೇದನ್ನ ಕೈಯಲ್ಲಿ ಹಿಡ್ಕೊಂಡೇ ಹೋಗಿ. ಫೋನ್ ಕ್ಯಾಮೆರಾ ಮುಂದೆ ರಿಮೋಟ್ ಹಿಡಿದು ಟೆಸ್ಟ್ ಮಾಡಿ ಅಂತ ಕೆಲವರು ಹೇಳ್ತಾರೆ, ಅದು ಟೀವಿ ರಿಮೋಟಿಗೆ, ಇದು ರೇಡಿಯೋ, ಕ್ಯಾಮೆರಾಗೆ ಏನೂ ಕಾಣಲ್ಲ. ಕೀ ಮಾಡೋರ ಹತ್ರ ಫ್ರೀಕ್ವೆನ್ಸಿ ತೋರಿಸೋ ಮೆಷಿನ್ ಇರತ್ತೆ, ಅದರ ಮೇಲಿಟ್ಟು ಒತ್ತಿದ್ರೆ ಸಿಗ್ನಲ್ ಬರ್ತಿದ್ಯಾ ಇಲ್ವಾ ಗೊತ್ತಾಗತ್ತೆ.

ಬಿಚ್ಚಿದಾಗ್ಲೇ ಬೋರ್ಡ್ ಮೇಲೆ ಇನ್ನೆರಡು ನೋಡ್ಕೊಂಡ್ಬಿಡಿ. ಒಂದು, ದುಂಡನೆ ಲೋಹದ ಡಬ್ಬಿ ಥರದ ಸಣ್ಣ ಪಾರ್ಟು, ಅದರ ಮೇಲೆ ಆರ್ 433 ಅಂತಲೋ 315 ಅಂತಲೋ ಇರತ್ತೆ. ಇಲ್ಲಿನ ಗಾಡಿಗಳಲ್ಲಿ ಸಾಮಾನ್ಯವಾಗಿ 433.92 ಮೆಗಾಹರ್ಟ್ಸ್, ಅಮೆರಿಕ ಜಪಾನ್ ಕಡೆ 315. ಆನ್‌ಲೈನಲ್ಲಿ ಎರಡೂ ಒಂದೇ ಕವರಲ್ಲಿ ಬರತ್ತೆ, ನೋಡ್ದೆ ತರಿಸಿದ್ರೆ ತಲೆಕೆಳಗಾಗಿ ನಿಂತ್ರೂ ಪ್ರೋಗ್ರಾಂ ಆಗಲ್ಲ. ಎರಡನೇದು ಐಸಿ, ಅಂದ್ರೆ ಕೋಡ್ ಕಳಿಸೋ ಚಿಪ್. ಎಂಟು ಕಾಲಿಂದು, ಮೇಲೆ ಎಚ್‌ಸಿಎಸ್ 300, 301 ಅಂತ ಇದ್ರೆ ಅದು ಮೈಕ್ರೋಚಿಪ್ ಕಂಪನಿಯ ಕೀಲಾಕ್, ರೋಲಿಂಗ್ ಕೋಡ್. ಪಿಟಿ 2262, ಇವಿ 1527 ಅಂತಿದ್ರೆ ಫಿಕ್ಸೆಡ್ ಕೋಡ್.

ಫಿಕ್ಸೆಡ್ ಆದ್ರೆ ಯಾವಾಗ ಒತ್ತಿದ್ರೂ ಅದೇ ಕೋಡ್ ಹೋಗತ್ತೆ, ಗೇಟ್ ರಿಮೋಟ್ ಕಾಪಿ ಮಾಡೋ ಅಗ್ಗದ ಕಾಪಿ ರಿಮೋಟಲ್ಲೇ ನಕಲು ಆಗತ್ತೆ, ನಿಮಗೆ ಸುಲಭ, ಕಳ್ಳಂಗೂ ಸುಲಭ. ರೋಲಿಂಗ್ ಅಂದ್ರೆ ಓಟಿಪಿ ಥರ, ಪ್ರತಿ ಸಲ ಕೋಡ್ ಬದಲಾಗತ್ತೆ, ಒಂದ್ಸಲ ಬಳಸಿದ್ದನ್ನ ಬಾಕ್ಸ್ ಮತ್ತೆ ತಗೊಳಲ್ಲ, ಕಾಪಿ ರಿಮೋಟ್ ಇಲ್ಲಿ ದಂಡ. ಕೀಲಾಕನ್ನೂ 2008ರಲ್ಲಿ ಜರ್ಮನಿಯ ಬೋಖುಮ್ ಯೂನಿವರ್ಸಿಟಿಯವ್ರು ಮುರಿದು ತೋರಿಸಿದಾರೆ, ಆದ್ರೂ ಫಿಕ್ಸೆಡ್‌ಗಿಂತ ಎಷ್ಟೋ ಮೇಲು. ರೋಲಿಂಗಲ್ಲಿ ಇನ್ನೊಂದು ಆಗತ್ತೆ, ಮನೇಲಿ ಮಗು ರಿಮೋಟ್ ಹಿಡ್ಕೊಂಡು ಸುಮ್ನೆ ಒತ್ತುತಾ ಕೂತ್ರೆ ರಿಮೋಟಿನ ಲೆಕ್ಕ ಮುಂದೆ ಓಡತ್ತೆ, ಬಾಕ್ಸಿನದು ಅಲ್ಲೇ ಇರತ್ತೆ. ಕೀಲಾಕಲ್ಲಿ ಸಾಮಾನ್ಯವಾಗಿ 16 ಒತ್ತು ಮುಂದೆ ಹೋಗಿದ್ರೂ ಬಾಕ್ಸ್ ಒಪ್ಪತ್ತೆ, ಅದಕ್ಕಿಂತ ಜಾಸ್ತಿ ಆಗಿದ್ರೆ ಗಾಡಿ ಹತ್ರ ನಿಂತು ಒಂದೇ ಬಟನ್ನನ್ನ ಬೆನ್ನುಬೆನ್ನಿಗೆ ಎರಡು ಸಲ ಒತ್ತಿದ್ರೆ ಮತ್ತೆ ಹೊಂದ್ಕೊಳತ್ತೆ. ರಿಮೋಟ್ ಕೆಟ್ಟೋಯ್ತು ಅಂತ ಎಸೆಯೋಕ್ ಮುಂಚೆ ಇದನ್ನ ಮಾಡಿ ನೋಡಿ.

ಇನ್ನು ಎರಡನೇ ರಿಮೋಟ್ ಸೇರ್ಸೋದು. ಬಾಕ್ಸ್ ಹುಡುಕಿ, ಸ್ಟಿಕ್ಕರ್ ಮೇಲಿನ ಕಂಪನಿ, ಮಾಡೆಲ್ ನಂಬರ್ ಫೋಟೋ ತಗೊಂಡು ಅದೇ ಮಾಡೆಲ್ಲಿನ ರಿಮೋಟ್ ಕೇಳಿ, ಬೆಂಗಳೂರಿನ ಜೆಸಿ ರೋಡ್ ಅಂಗಡಿಗಳಲ್ಲಿ ಹಳೇ ಮಾಡೆಲ್ಲಿನವೂ ಕೆಲವು ಸಿಗ್ತವೆ. ಸೇರ್ಸೋ ವಿಧಾನ ಬಹಳಷ್ಟು ಬಾಕ್ಸಲ್ಲಿ ಹೆಚ್ಚುಕಮ್ಮಿ ಒಂದೇ: ಇಗ್ನಿಷನ್ ಆನ್ ಮಾಡಿ, ವ್ಯಾಲೆ ಸ್ವಿಚ್ಚನ್ನ ಇಷ್ಟು ಸಲ ಒತ್ಬೇಕು, ಸೈರನ್ ಒಂದು ಚಿಕ್ ಅನ್ನತ್ತೆ, ಆಗ ಹೊಸ ರಿಮೋಟ್ ಬಟನ್ ಒತ್ತಿದ್ರೆ ಇನ್ನೊಂದು ಚಿಕ್. ಎಷ್ಟು ಸಲ ಅನ್ನೋದೇ ಕಂಪನಿಯಿಂದ ಕಂಪನಿಗೆ ಬೇರೆ, ಅದಕ್ಕೇ ಮಾಡೆಲ್ ನಂಬರ್ ಬೇಕು ಅಂದಿದ್ದು. ಅಗ್ಗದ ಚೀನಾ ಬಾಕ್ಸಲ್ಲಿ ಮೈಮೇಲೇ ಒಂದು ಲರ್ನ್ ಬಟನ್ ಇರತ್ತೆ, ಒಮ್ಮೆ ಒತ್ತಿದ್ರೆ ಕಲಿಯತ್ತೆ, ಕೆಲವು ಸೆಕೆಂಡ್ ಹಿಡಿದ್ರೆ ಹಳೇದನ್ನೆಲ್ಲಾ ಅಳಿಸತ್ತೆ.

ಈ ಅಳಿಸೋ ವಿಷ್ಯ ಸೆಕೆಂಡ್ ಹ್ಯಾಂಡ್ ತಗೊಂಡವ್ರು ಬಿಡಲೇಬಾರ್ದು. ಓನರ್ ಒಂದೇ ರಿಮೋಟ್ ಕೊಟ್ಟಿದಾರೆ ಅಂದ್ರೆ ಇನ್ನೊಂದು ಎಲ್ಲಿದೆ? ಅವರ ಮನೆ ಡ್ರಾಯರಲ್ಲಿ ಇರ್ಬೋದು, ಹಳೇ ಡ್ರೈವರ್ ಹತ್ರ ಇರ್ಬೋದು. ಯಾರ್ನೂ ಅನುಮಾನ ಪಡೋದ್ ಬೇಡ, ಎಲ್ಲಾ ಅಳಿಸಿ ನಿಮ್ಮ ಎರಡನ್ನ ಮಾತ್ರ ಸೇರ್ಸಿ, ನೆಮ್ಮದಿ. ಕೆಲವು ಬಾಕ್ಸ್ ಲರ್ನ್ ಮೋಡಿಗೆ ಹೋದ ಕೂಡ್ಲೇ ಹಳೇದನ್ನ ತಾನೇ ಅಳಿಸಿಬಿಡತ್ತೆ, ಹಂಗಾಗಿ ಎರಡೂ ರಿಮೋಟ್ ಕೈಯಲ್ಲಿ ಇಟ್ಕೊಂಡೇ ಕೂತ್ಕೊಳ್ಳಿ. ಬ್ಯಾಟರಿ ಟರ್ಮಿನಲ್ ಬಿಚ್ಚಿದ್ರೆ ಹಳೇ ರಿಮೋಟ್ ಮರೆತೋಗತ್ತೆ ಅನ್ನೋದು ಸುಳ್ಳು, ಕರೆಂಟ್ ಹೋದ್ರೂ ಅಳಿಯದ ಮೆಮೊರೀಲಿ ಇರತ್ತೆ ಅದು.

ಬಾಕ್ಸೇ ಹೋಗಿದೆ ಇಲ್ಲಾ ಆ ಮಾಡೆಲ್ ರಿಮೋಟ್ ಎಲ್ಲೂ ಸಿಗಲ್ಲ ಅಂತಾದ್ರೆ ಪೂರ್ತಿ ಕಿಟ್ ಬದಲಾಯಿಸಿ, ರೋಲಿಂಗ್ ಕೋಡ್ ಇರೋದನ್ನೇ ಕೇಳಿ ತಗೊಳ್ಳಿ. ಬಾಗ್ಲ ಮೋಟರ್ ಕೆಲ್ಸ ಮಾಡ್ತಿದ್ರೆ ಅವನ್ನ ಮುಟ್ಟಿಸ್ಬೇಡಿ, ಬಾಕ್ಸ್ ಮಾತ್ರ ಸಾಕು. ಹಳೇ ಬಾಕ್ಸ್ ಕೀಳೋಕ್ ಮುಂಚೆ ಪ್ರತಿ ವೈರಿಗೂ ಟೇಪ್ ಸುತ್ತಿ ಎಲ್ಲಿಂದ ಎಲ್ಲಿಗೆ ಅಂತ ಬರ್ಸಿ. ಮುಖ್ಯವಾಗಿ ಹಳೇ ಅಲಾರಂ ಸ್ಟಾರ್ಟರ್ ವೈರ್ ಕಟ್ ಮಾಡಿ ರಿಲೇ (ಕರೆಂಟಿಂದ ನಡೆಯೋ ಸ್ವಿಚ್) ಹಾಕಿದ್ರೆ, ಬಾಕ್ಸ್ ಕಿತ್ತ ಮೇಲೆ ಆ ಎರಡು ತುದಿ ಮತ್ತೆ ಸೇರಿಸ್ಬೇಕು, ಇಲ್ಲಾಂದ್ರೆ ಕೀ ತಿರುಗಿಸಿದ್ರೂ ಇಂಜಿನ್ ತಿರುಗೋದೇ ಇಲ್ಲ, ಆಮೇಲೆ ಇಮ್ಮೊಬಿಲೈಸರ್ ಹೋಗಿದೆ ಅಂತ ಬೇರೆ ಬಿಲ್ ಬರತ್ತೆ. ವೈರ್ ಸುತ್ತಿ ಟೇಪ್ ಹಾಕೋಕೆ ಬಿಡ್ಬೇಡಿ, ಬೆಸುಗೆ ಹಾಕಿ ಮೇಲೆ ಹೀಟ್ ಶ್ರಿಂಕ್ (ಬಿಸಿಗೆ ಬಿಗಿಯಾಗೋ ಪ್ಲಾಸ್ಟಿಕ್ ಕೊಳವೆ) ಹಾಕ್ಸಿ, ಪಾಸಿಟಿವ್ ತಗೊಳೋ ಜಾಗದ ಹತ್ರಾನೇ ಫ್ಯೂಸ್ ಇರ್ಲಿ. ಏರ್‌ಬ್ಯಾಗ್ ಇರೋ ಗಾಡಿ ಆದ್ರೆ ಸ್ಟೇರಿಂಗ್ ಕೆಳಗಿನ ಹಳದಿ ಕನೆಕ್ಟರ್ ಹತ್ರ ಟೆಸ್ಟ್ ಲ್ಯಾಂಪ್ ತಗೊಂಡು ಹೋಗೋ ಹುಡುಗನ್ನ ಕಂಡ್ರೆ ಅಲ್ಲೇ ನಿಲ್ಲಿಸಿ, ಅದು ಏರ್‌ಬ್ಯಾಗಿಂದು.

ಬಾಕ್ಸಿಂದ ಒಂದು ಗೇಣಿಗಿಂತ ಒಂಚೂರು ಕಮ್ಮಿ ಉದ್ದದ ಒಂಟಿ ವೈರ್ ಎಲ್ಲಿಗೂ ಸೇರದೆ ನೇತಾಡ್ತಿರತ್ತೆ, ಅದು ಆಂಟೆನಾ. 433 ಮೆಗಾಹರ್ಟ್ಸಿನ ಕಾಲು ತರಂಗಾಂತರ ಸುಮಾರು 17 ಸೆಂಟಿಮೀಟರ್, ಅದಕ್ಕೇ ಅಷ್ಟುದ್ದ. ಫಿಟ್ಟರ್‌ಗಳು ವೇಸ್ಟ್ ವೈರ್ ಅನ್ಕೊಂಡು ಕಟ್ ಮಾಡಿರ್ತಾರೆ ಇಲ್ಲಾ ಉಂಡೆ ಸುತ್ತಿ ವೈರ್ ಗೊಂಚಲಿಗೇ ಟೇಪ್ ಹೊಡೆದಿರ್ತಾರೆ, ಗಾಡಿ ಮುಟ್ಟೋಷ್ಟು ಹತ್ರ ಹೋದ್ರೆ ಮಾತ್ರ ಕೇಳತ್ತೆ ಅನ್ನೋ ಕಂಪ್ಲೇಂಟಿಗೆ ಇದೇ ಕಾರಣ ಆಗಿರತ್ತೆ ಎಷ್ಟೋ ಸಲ. ನೆಟ್ಟಗೆ ಮಾಡಿ, ಲೋಹದಿಂದ ದೂರ, ಪ್ಲಾಸ್ಟಿಕ್ ಹಿಂದೆ ಅಂಟಿಸಿ.

ಕೆಳಗೆ ಹಳೇ ಹೋಂಡಾ ಸಿವಿಕ್‌ಗೆ ರಿಮೋಟ್ ಸೇರ್ಸೋದು ಹೆಂಗೆ ಅಂತ ಕೇಳಿದವರಿಗೂ ಇಲ್ಲೇ ಹೇಳ್ಬಿಡ್ತೀನಿ. ಆ ಕಾಲದ ಹೋಂಡಾ ಫ್ಯಾಕ್ಟ್ರಿ ರಿಮೋಟನ್ನ ಎಷ್ಟೋ ಮಾಡೆಲಲ್ಲಿ ಮನೇಲೇ ಸೇರಿಸ್ಬೋದು: ಕೀ ಆನ್, ರಿಮೋಟ್ ಲಾಕ್ ಬಟನ್ ಒತ್ತು, ಕೀ ಆಫ್, ಹೀಗೆ ಮೂರು ಸಲ, ಪ್ರತಿ ಹೆಜ್ಜೆ ನಡುವೆ ಐದು ಸೆಕೆಂಡ್ ದಾಟಬಾರ್ದು, ನಾಲ್ಕನೇ ಸಲ ಆನ್ ಮಾಡಿ ಒತ್ತಿದಾಗ ಬಾಗ್ಲ ಲಾಕ್ ಟಕಟಕ ಅನ್ನತ್ತೆ, ಆಗ ಎಲ್ಲಾ ರಿಮೋಟನ್ನೂ ಒಂದೊಂದಾಗಿ ಒತ್ತಿ, ಬಿಟ್ಟಿದ್ದು ಹೊರಗೆ. ಯೂರೋಪ್ ಡಿಸೈನಿನ ಹಳೇ ಫೋರ್ಡಲ್ಲಿ ಕೀಯನ್ನ ಆರು ಸೆಕೆಂಡಲ್ಲಿ ನಾಲ್ಕು ಸಲ ಆನ್ ಮಾಡಿ ಆಫ್ ಮಾಡಿದ್ರೆ ಟಿಂಗ್ ಅನ್ನತ್ತೆ, ಆಗ ರಿಮೋಟ್ ಒತ್ಬೇಕು. ಅಮೆರಿಕದ ವಿಡಿಯೋ ನೋಡಿ ಎಂಟು ಸಲ ತಿರುಗಿಸ್ತಾರಲ್ಲ, ಅದು ಅಲ್ಲಿನ ಫೋರ್ಡಿಗೆ. ಇದ್ರಿಂದೆಲ್ಲಾ ಲಾಕ್ ಮಾತ್ರ ಆಗೋದು, ಸ್ಟಾರ್ಟ್ ಮಾಡೋ ಚಿಪ್ ಇದಕ್ಕೆ ಬಗ್ಗಲ್ಲ.

ಕೊನೇಗೆ ಆ ಚಿಪ್ ಕೀ. ರಿಮೋಟಿಗಿಂತ ಇದೇ ಅರ್ಜೆಂಟು ನಿಮಗೆ. ಕೈಯಲ್ಲಿ ಒಂದು ಕೀ ಇರುವಾಗ ಎರಡನೇದು ಮಾಡ್ಸೋದು ಸುಲಭ, ಇರೋ ಒಂದೂ ಕಳೆದೋದ್ರೆ ಖರ್ಚು, ಓಡಾಟ ಎರಡೂ ಏರತ್ತೆ. ಸರ್ವಿಸ್ ಸೆಂಟರಲ್ಲಿ ಆರ್‌ಸಿ, ಐಡಿ ಕೇಳ್ತಾರೆ, ಆರ್‌ಸಿ ಇನ್ನೂ ಹಳೇ ಓನರ್ ಹೆಸರಲ್ಲಿದ್ರೆ ಮೊದ್ಲು ಅದನ್ನ ಸರಿ ಮಾಡ್ಸಿ. ಹೊರಗಡೆ ಕೀ ಮಾಡೋರೂ ಓಬಿಡಿ ಪೋರ್ಟಿಗೆ (ಗಾಡಿಯ ಕಂಪ್ಯೂಟರ್ ಜೊತೆ ಮಾತಾಡೋ ಸಾಕೆಟ್) ಮೆಷಿನ್ ಹಾಕಿ ಮಾಡ್ತಾರೆ, ಮಾಡ್ಸಿದ್ರೆ ಎದುರಿಗೇ ನಿಂತು, ಎರಡೂ ಕೀಯಿಂದ ಸ್ಟಾರ್ಟ್ ಮಾಡಿ ನೋಡಿ ದುಡ್ಡು ಕೊಡಿ. ಬರೀ ಹಲ್ಲು ಕೊರೆಸಿದ ಕೀಯಿಂದ ಬಾಗ್ಲು ತೆಗೆಯತ್ತೆ, ಇಂಜಿನ್ ಸ್ಟಾರ್ಟ್ ಆಗಲ್ಲ. ಕೀ ತಲೆ ಒಡೆದಿದೆ ಅಂತ ಚಂದದ ಫ್ಲಿಪ್ ಕವರ್ ಹಾಕ್ಸೋರು ಒಂದು ನೆನಪಿಟ್ಕೊಳ್ಳಿ, ಹಳೇ ತಲೆಯೊಳಗೆ ಅಕ್ಕಿಕಾಳಿಗಿಂತ ಒಂಚೂರು ದೊಡ್ಡದು ಕಪ್ಪು ತುಂಡೊಂದು ಅಂಟ್ಕೊಂಡಿರತ್ತೆ, ಅದೇ ಚಿಪ್ಪು, ಹೊಸ ಕವರಿಗೆ ಅದು ಬಂದಿದ್ಯಾ ನೋಡ್ಕೊಂಡೇ ಹಳೇದನ್ನ ಕಸಕ್ಕೆ ಹಾಕಿ.

ಈ ಭಾನುವಾರ ರಿಮೋಟ್ ಬಿಚ್ಚಿ ಬೋರ್ಡಿಂದು, ಬಾಕ್ಸ್ ಸ್ಟಿಕ್ಕರಿಂದು ಫೋಟೋ ಹಾಕಿ, ಯಾವ ರಿಮೋಟ್ ಹೊಂದತ್ತೆ ಅಂತ ಇಲ್ಲೇ ಯಾರಾದ್ರೂ ಹೇಳ್ತೀವಿ. ಕೀ ಹಲ್ಲಿನ ಫೋಟೋ ಮಾತ್ರ ಹಾಕ್ಬೇಡಿ, ಈಗ ಹಾಕಿರೋದನ್ನೂ ಡಿಲೀಟ್ ಮಾಡಿ, ಗುಂಪಲ್ಲಿ ಸಾವಿರಾರು ಜನ ಇದಾರೆ, ಫೋಟೋ ನೋಡಿ ಕೀ ಕೊರೆಯೋರೂ ಇರ್ತಾರೆ.