ಫೋಟೋ ಚಿಕ್ಕದಾಗಿ ಕಾಣುತ್ತೆ, ಆದರೂ ಪುಟ ನಿಧಾನ ಏಕೆ?

ಪ್ರಶ್ನೆ: ನನ್ನ ವೆಬ್‌ಸೈಟಿನಲ್ಲಿ ಫೋಟೋಗಳು ಜಾಸ್ತಿ. ಎಲ್ಲವನ್ನೂ ಚಿಕ್ಕ ಸೈಜಿನಲ್ಲೇ ತೋರಿಸಿದ್ದೇನೆ. ಆದರೂ ಮೊಬೈಲಿನಲ್ಲಿ ತೆರೆಯಲು ತುಂಬಾ ಹೊತ್ತು ಹಿಡಿಯುತ್ತದೆ. ಕಂಪ್ರೆಸ್ ಮಾಡಿದರೆ, ಅಂದರೆ ಫೈಲಿನ ಭಾರ ಕುಗ್ಗಿಸಿದರೆ, ಫೋಟೋ ಹಾಳಾಗುತ್ತದೆ ಅಲ್ವಾ?

ಉತ್ತರ: ಪುಟದಲ್ಲಿ ಚಿಕ್ಕದಾಗಿ ಕಂಡ ಮಾತ್ರಕ್ಕೆ ಫೈಲ್ ಚಿಕ್ಕದಾಗುವುದಿಲ್ಲ. ಬ್ರೌಸರ್ ಮೊದಲು ಇಡೀ ಫೋಟೋ ಇಳಿಸಿಕೊಳ್ಳುತ್ತದೆ, ಆಮೇಲೆ ಅದನ್ನು ಕುಗ್ಗಿಸಿ ತೋರಿಸುತ್ತದೆ. ಲೆಕ್ಕ ಹಾಕಿ ನೋಡಿ. 12 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೋ ಸುಮಾರು 4000 ಪಿಕ್ಸೆಲ್ ಅಗಲ, 3000 ಎತ್ತರ. ಪುಟದಲ್ಲಿ ಅದಕ್ಕೆ ಸಿಗುವ ಜಾಗ 800 ಪಿಕ್ಸೆಲ್ ಅಗಲ ಅಂದುಕೊಂಡರೆ, ಅಷ್ಟಕ್ಕೆ ಬೇಕಾಗಿದ್ದು ಅದರ 25ನೇ ಒಂದು ಪಾಲು ಪಿಕ್ಸೆಲ್ ಮಾತ್ರ, ಮಿಕ್ಕಿದ್ದೆಲ್ಲ ಸುಮ್ನೆ ಓದುಗರ ಡೇಟಾ ತಿನ್ನುತ್ತದೆ. ಈಗಿನ ಫೋನ್‌ಗಳ ಸ್ಕ್ರೀನ್ ತುಂಬಾ ಶಾರ್ಪ್ ಆಗಿರುವುದರಿಂದ ಎರಡರಷ್ಟು, ಅಂದರೆ 1600 ಅಗಲ ಇಟ್ಟುಕೊಳ್ಳಿ. ಆಗಲೂ ಆರನೇ ಒಂದು ಪಾಲಿಗಿಂತ ಕಡಿಮೆಯೇ. ಹಾಗಾಗಿ ಮೊದಲು ಅಳತೆ ಇಳಿಸಿ, ಕಂಪ್ರೆಷನ್ ಆಮೇಲೆ.

ಇನ್ನು ನಿಮ್ಮ ಭಯದ ಮಾತು. ಜೆಪೆಗ್ (ಫೋಟೋಗಳಿಗೆ ಸಾಮಾನ್ಯವಾಗಿ ಬಳಸುವ ಫೈಲ್ ಬಗೆ) ಆಗಿ ಉಳಿಸುವಾಗ ಕ್ವಾಲಿಟಿ 100 ಇಡಬೇಕಾಗಿಲ್ಲ. 75ರಿಂದ 80ಕ್ಕೆ ಇಳಿಸಿದರೆ ಫೈಲ್ ಬಹಳ ಕುಗ್ಗುತ್ತದೆ, ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಏಕೆಂದರೆ ಜೆಪೆಗ್ ಬಿಟ್ಟುಬಿಡುವುದೇ ನಮ್ಮ ಕಣ್ಣು ಅಷ್ಟಾಗಿ ಗಮನಿಸದ ವಿವರಗಳನ್ನು, ಅದರಲ್ಲೂ ಬಣ್ಣದ ಸಣ್ಣ ಸಣ್ಣ ಏರುಪೇರುಗಳನ್ನು. ಹಾಳಾಗಿದೆಯಾ ಅಂತ ನೋಡಬೇಕಾದರೆ ತಿಳಿ ಆಕಾಶದಂಥ ಜಾಗ ನೋಡಿ, ಅಲ್ಲಿ ಪಟ್ಟೆ ಪಟ್ಟೆ ಕಾಣಬಾರದು. ಫೋಟೋದೊಳಗೆ ಅಕ್ಷರಗಳಿದ್ದರೆ ಅವುಗಳ ಅಂಚು ನೋಡಿ, ಸುತ್ತ ಕೊಳೆ ಮೆತ್ತಿದಂತಿದ್ದರೆ ಕ್ವಾಲಿಟಿ ಸ್ವಲ್ಪ ಏರಿಸಿ. ಮೂಲ ಫೋಟೋವನ್ನು ಮಾತ್ರ ಯಾವತ್ತೂ ಅಳಿಸಬೇಡಿ. ಉಳಿಸಿದ ಜೆಪೆಗ್ ಅನ್ನೇ ಮತ್ತೆ ಮತ್ತೆ ತಿದ್ದಿ ಉಳಿಸುತ್ತಾ ಹೋದರೆ ಪ್ರತಿಸಲವೂ ಸ್ವಲ್ಪ ಸ್ವಲ್ಪ ಕೆಡುತ್ತದೆ.

ಫೋಟೋಗಳನ್ನು ಪಿಎನ್‌ಜಿ ಅನ್ನುವ ಇನ್ನೊಂದು ಬಗೆಯ ಫೈಲ್ ಆಗಿ ಉಳಿಸಿದ್ದರೆ ಇವತ್ತೇ ಬದಲಾಯಿಸಿ, ಅದು ಸ್ಕ್ರೀನ್‌ಶಾಟ್‌ಗಳಿಗೆ ಸರಿ, ಫೋಟೋಗೆ ಸುಮ್ನೆ ಭಾರ. ಲೋಗೋಗೆ ಎಸ್‌ವಿಜಿ (ಚಿತ್ರವನ್ನು ಗೆರೆ, ಆಕಾರಗಳಾಗಿ ಉಳಿಸುವ ಫೈಲ್ ಬಗೆ) ಸಾಕು. ಫೋಟೋಗೆ ನನ್ನ ಆಯ್ಕೆ ವೆಬ್‌ಪಿ ಅನ್ನುವ ಫೈಲ್ ಬಗೆ. ಗೂಗಲ್ 2010ರಲ್ಲಿ ತಂದದ್ದು, ಈಗ ಎಲ್ಲ ಮುಖ್ಯ ಬ್ರೌಸರ್‌ಗಳಲ್ಲೂ ನಡೆಯುತ್ತದೆ, ಅಷ್ಟೇ ಗುಣಮಟ್ಟದಲ್ಲಿ ಜೆಪೆಗ್‌ಗಿಂತ 25ರಿಂದ 34 ಶೇಕಡಾ ಚಿಕ್ಕದು ಅಂತ ಗೂಗಲ್ಲೇ ಹೇಳುತ್ತದೆ. ಸ್ಕ್ವೂಶ್ ಅನ್ನುವ ಉಚಿತ ಸಾಧನವನ್ನು ಬ್ರೌಸರಿನಲ್ಲೇ ತೆರೆದು ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು.

ಪ್ರಶ್ನೆ: ಲೇಜಿ ಲೋಡಿಂಗ್ (ಓದುಗರು ಫೋಟೋದ ಹತ್ತಿರ ಬಂದಾಗ ಮಾತ್ರ ಅದು ಇಳಿಯುವ ವ್ಯವಸ್ಥೆ) ಹಾಕಿದರೆ ಇಷ್ಟೆಲ್ಲ ಬೇಕಾ?

ಉತ್ತರ: ಬೇಕು. ಅದು ಫೋಟೋ ಇಳಿಯುವುದನ್ನು ಮುಂದಕ್ಕೆ ಹಾಕುತ್ತದೆ, ಭಾರ ಇಳಿಸುವುದಿಲ್ಲ. ಕೆಳಗಿನ ಫೋಟೋಗಳಿಗೆ ಹಾಕಿ, ಪುಟ ತೆರೆದ ಕೂಡಲೇ ಕಾಣುವ ಮೊದಲ ಫೋಟೋಗೆ ಬೇಡ, ಹಾಕಿದರೆ ಅದೇ ತಡವಾಗಿ ಬರುತ್ತದೆ.